ತೋಳಕ್ಕೆ ವಿಷ ಬೇಡ, ದೊಡ್ಡಿಗೆ ಜಾಲರಿ ಹಾಕಿ

ನಾನು ಓದಿದ್ದು ತೋಟಗಾರಿಕೆ, ಮಾಡ್ತಿರೋದು ಸಾವಯವ ಕೃಷಿ. ಗೊಬ್ಬರಕ್ಕೆ ಅಂತ ಕುರಿ ಸಾಕ್ತೀನಿ. ಹಾಗಾಗಿ 'ರಾತ್ರಿ ನಾಲ್ಕು ಕುರಿ ಹೋದವು, ತೋಳಕ್ಕೆ ಏನಿಡೋಣ?' ಅಂತ ಗೆಳೆಯರು ಕೇಳ್ತಾರೆ. ನನ್ನ ಉತ್ತರ ಒಂದೇ: ಏನೂ ಇಡಬೇಡಿ, ಮೊದಲು ದೊಡ್ಡಿ ಭದ್ರ ಮಾಡಿ.

ಇಪ್ಪತ್ತು ಕುರಿ ಇರೋರಿಗೆ ನಾಲ್ಕು ಹೋದರೆ ಆ ವರ್ಷದ ಲಾಭವೇ ಹೋದಂಗೆ. ಸಿಟ್ಟು ಬರೋದು ಸಹಜ. ಆದರೆ ವಿಷಕ್ಕೆ ತೋಳ ಯಾವುದು, ನಿಮ್ಮ ಮನೆ ನಾಯಿ ಯಾವುದು ಗೊತ್ತಾಗಲ್ಲ. ತೋಳ, ಚಿರತೆ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಂದರೆ ಜೈಲು. ಬೇಲಿಗೆ ನೇರ ಕರೆಂಟ್ ಕೊಟ್ಟರೆ ಮನೆಯವರ ಜೀವಕ್ಕೇ ಕುತ್ತು. ಇನ್ನು ಎಷ್ಟೋ ಸಲ ಕುರಿ ಹಿಡಿದದ್ದು ತೋಳವೇ ಅಲ್ಲ, ಊರಿನ ಬೀದಿನಾಯಿಗಳು. ಸತ್ತ ಕುರಿ, ಕೋಳಿ ತ್ಯಾಜ್ಯವನ್ನು ಹೊಲದಂಚಿಗೆ ಎಸೆದು ಅವನ್ನು ಕರೆಯೋದು ನಾವೇ.

ದೊಡ್ಡಿ ಹೇಗಿರಬೇಕು? ನೆರಳಿನ ಕೊಟ್ಟಿಗೆಯಲ್ಲಿ ಒಂದು ಕುರಿಗೆ ಸುಮಾರು 10 ಚದರ ಅಡಿ ಜಾಗ ಸಾಕು. ಸುತ್ತ 6 ಅಡಿ ಎತ್ತರದ ಗಟ್ಟಿ ಜಾಲರಿ ಕಟ್ಟಿ. ಬುಡದಲ್ಲಿ ಒಂದಡಿ ಜಾಲರಿಯನ್ನು ಹೊರಕ್ಕೆ ಮಡಚಿ ಮಣ್ಣು, ಕಲ್ಲು ಮುಚ್ಚಿ. ನಾಯಿ, ತೋಳ ಕೆರೆದು ಒಳಗೆ ನುಗ್ಗೋದು ಅಲ್ಲಿಂದಲೇ. ಬಾಗಿಲ ಕೆಳಗಿನ ಸಂದು ಮರೀಬೇಡಿ. ಚಿರತೆ ಓಡಾಡೋ ಕಡೆ ಮೇಲೂ ಜಾಲರಿ ಬೇಕೇ ಬೇಕು, ಅದು ಹತ್ತಿ ಇಳಿಯುತ್ತೆ. ಸೂರ್ಯ ಮುಳುಗೋ ಮುಂಚೆ ಎಲ್ಲವೂ ಒಳಗಿರಲಿ, ಮರಿಗಳು ನಡುವೆ.

ನಾಯಿ ಸಾಕೋದಾದ್ರೆ ಮರಿಯಿದ್ದಾಗಲೇ ಕುರಿ ಜೊತೆ ಬೆಳೆಸಿ. ಹೆಸರು ಕೇಳಿ ಮುಧೋಳ ನಾಯಿ ತರೋರಿಗೆ ಒಂದು ಮಾತು: ಅದು ಅಟ್ಟಿಸಿಕೊಂಡು ಹೋಗಿ ಬೇಟೆಯಾಡೋ ತಳಿ, ಮಂದೆ ಬಿಟ್ಟು ಕದಲದೆ ಕೂರೋ ತಳಿ ಅಲ್ಲ.

ಇಷ್ಟಾದರೂ ಕುರಿ ಸತ್ತರೆ ಹೆಣ ಎಳೆದಾಡಬೇಡಿ. ಗಾಯ, ಹೆಜ್ಜೆ ಗುರುತುಗಳ ಫೋಟೋ ಮೊಬೈಲಲ್ಲಿ ತೆಗೆದು, ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಕೂಡಲೇ ತಿಳಿಸಿ. ಕಾಡುಪ್ರಾಣಿ ಕೊಂದದ್ದು ಅಂತ ಖಚಿತವಾದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ವಿಷ ಇಟ್ಟವರಿಗೆ ಆ ಬಾಗಿಲೂ ಮುಚ್ಚುತ್ತೆ.

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ವನ್ಯಜೀವಿ ಧಾಮ ಇದೆ. ಅದರ ಸುತ್ತಮುತ್ತ ಇವತ್ತಿಗೂ ಕುರಿ ಮೇಯುತ್ತಿವೆ. ನಮ್ಮ ಬಯಲುಸೀಮೆಯಲ್ಲಿ ಕುರಿಯೂ ತೋಳವೂ ಹಳೇ ನೆರೆಹೊರೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ಇಪ್ಪತ್ತು ಕುರಿ ಕೊಳ್ಳೋ ದುಡ್ಡಿದ್ದರೆ ಹದಿನೇಳು ಕೊಳ್ಳಿ, ಉಳಿದ ಮೂರರ ದುಡ್ಡನ್ನು ಜಾಲರಿಗೆ ಹಾಕಿ.