ಬಾಲಕರ ಹೆಗಲ ಹೊರೆ

ಈಚೆಗೆ ಶಿಡ್ಲಘಟ್ಟದ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಆರನೆಯ ತರಗತಿಯ ಅವರ ಮಗನು ನಮಸ್ಕರಿಸಿ ಏಳುವಾಗ ಕತ್ತನ್ನು ಹಿಡಿದುಕೊಂಡನು. ವಿಚಾರಿಸಲು, ದಿನವೂ ನೋಯುತ್ತದೆಂದನು. ಓದು ತಪ್ಪಿಸುವ ನೆಪವೆಂದು ತಾಯಿ ನಕ್ಕರು, ನಾವೂ ನಕ್ಕೆವು. ಬಳಿಕ ಮೂಲೆಯಲ್ಲಿದ್ದ ಅವನ ಚೀಲವನ್ನೆತ್ತಿ ನೋಡಿ ಆ ನಗುವಿಗೆ ನಾಚಿದೆವು. ರೇಷ್ಮೆಗೂಡು ತೂಗುವ ತಕ್ಕಡಿ ಮನೆಯಲ್ಲಿಯೇ ಇದ್ದಿತು. ಚೀಲ 7 ಕಿಲೋ, ಬಾಲಕ 31 ಕಿಲೋ.

ರಾಜ್ಯ ಸರ್ಕಾರವು 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಂತೆ 1 ಮತ್ತು 2ನೆಯ ತರಗತಿಯ ಚೀಲ 2 ಕಿಲೋ ಮೀರಬಾರದು. 5ರವರೆಗೆ 3, 8ರವರೆಗೆ 4, 10ರವರೆಗೆ 5 ಕಿಲೋ ಮಿತಿ. ಮಗುವಿನ ತೂಕದ ಹತ್ತರಲ್ಲೊಂದು ಪಾಲು ಸಾಕೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಮೈಸೂರಿನ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ಇದೇ ಹೊರೆಯ ಕುರಿತು ಮಾತನಾಡಿದ್ದು 1989ರಲ್ಲಿ. ಯಶಪಾಲ್ ಸಮಿತಿಯ ವರದಿ ಬಂದದ್ದು 1993ರಲ್ಲಿ. ಅಂದಿನ ಬಾಲಕರು ಇಂದು ತಂದೆತಾಯಿಗಳು!

ಭಾರವು ಹಿಂದಕ್ಕೆ ಎಳೆದಾಗ ಮೈ ಮುಂದಕ್ಕೆ ಬಾಗುತ್ತದೆ. ದಾರಿ ನೋಡಲು ಕತ್ತನ್ನು ಮೇಲೆತ್ತಬೇಕಾಗುತ್ತದೆ. ಹೀಗೆ ಕತ್ತಿನಿಂದ ಹೆಗಲಿಗೆ ಇಳಿಯುವ ಸ್ನಾಯು ಸಡಿಲವನ್ನೇ ಕಾಣದು. ಒಂದೇ ಹೆಗಲಿಗೆ ತೂಗುಹಾಕಿದರೆ ಇನ್ನೂ ಕಷ್ಟ. ಗೌರಿಬಿದನೂರು, ಚಿಂತಾಮಣಿಯ ಹಳ್ಳಿಗಳಿಂದ ಬಸ್ಸಿನಲ್ಲಿ ನಿಂತು ಬರುವ ಮಕ್ಕಳು ಚೀಲವನ್ನು ಬೆನ್ನಿನಿಂದ ಇಳಿಸಿಕೊಳ್ಳಲಾದರೂ ಯಾರಾದರೂ ಎಡೆ ಕೊಡಬಾರದೇ?

ಆದರೆ ಚೀಲವೊಂದನ್ನೇ ದೂರುವುದು ನ್ಯಾಯವಲ್ಲ. ಆಟವಿಲ್ಲದ ಸಂಜೆ, ನೆಲದ ಮೇಲೆ ಪುಸ್ತಕವಿಟ್ಟು ತಾಸುಗಟ್ಟಲೆ ಬಗ್ಗಿ ಬರೆಯುವುದು, ಮಡಿಲಲ್ಲಿ ಮೊಬೈಲು ಇವೂ ಕಾರಣಗಳೇ. ಬರೆಯಲು ಎದೆಮಟ್ಟದ ಮಣೆ, ಅರ್ಧ ತಾಸಿಗೊಮ್ಮೆ ಎದ್ದು ಓಡಾಟ, ಎರಡೂ ಹೆಗಲಿಗೆ ಅಗಲ ಪಟ್ಟಿ, ಬೆನ್ನಿಗಂಟಿ ಭಾರವಾದ ಪುಸ್ತಕ, ಇಷ್ಟಾದರೆ ಸಾಮಾನ್ಯ ನೋವು ಇಳಿಯುತ್ತದೆ. ತೋಳಿಗೆ ಜೋಮು ಹಿಡಿದರೆ, ನೋವು ನಿದ್ರೆಯಿಂದ ಎಬ್ಬಿಸಿದರೆ ವೈದ್ಯರಿಗೆ ತೋರಿಸತಕ್ಕದ್ದು. ಜ್ವರದೊಡನೆ ಕತ್ತು ಬಿಗಿದರಂತೂ ಎಣ್ಣೆ ತಿಕ್ಕುತ್ತ ಕೂಡದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಆ ಸಂಜೆ ವೇಳಾಪಟ್ಟಿ ನೋಡಿ ಬೇಡದ ಪುಸ್ತಕಗಳನ್ನು ತೆಗೆಸಿದೆವು. ಚೀಲ ಮೂರೂವರೆ ಕಿಲೋಗಿಳಿಯಿತು. ಬಾಲಕನ ಮುಖ ಮಾತ್ರ ಬಾಡಿತು: ಕೇಳಿದ ಪುಸ್ತಕ ಇಲ್ಲದಿದ್ದರೆ ಹೊರಗೆ ನಿಲ್ಲಿಸುತ್ತಾರಂತೆ. ಮರುದಿನ ಅವನ ತಂದೆಯೊಡನೆ ನಾವೂ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯರು ಸರ್ಕಾರದ ಆದೇಶದ ಪ್ರತಿ ಬೇಕೆಂದರು. ಕಳುಹಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.