ಹೀರೋ ಬಿದ್ರೆ ಪಿಚ್ಚರ್ ಮುಗೀತಾ?

ಮೊನ್ನೆ ಟೀವಿಯಲ್ಲಿ 1997ರ ‘ಬಾರ್ಡರ್’ ಮತ್ತೆ ನೋಡಿದೆ. ಪಕ್ಕದಲ್ಲಿ ನಮ್ಮ ವಠಾರದ ರಿಟೈರ್ಡ್ ಸುಬೇದಾರರು. ಸನ್ನಿ ಡಿಯೋಲ್ ಗರ್ಜಿಸಿದಾಗ ನಾನು ಶಿಳ್ಳೆ ಹೊಡೆದೆ. ಅವರು ನಕ್ಕರು.

“ಆರ್ಡರ್ ಅಂದ್ರೆ ಕೂಗೋದಲ್ಲ ಸ್ವಾಮಿ” ಅಂದವರೇ ಟೀಪಾಯಿ ಮೇಲೆ ಕಡಲೆಕಾಯಿ ಸಿಪ್ಪೆ ಗುಡ್ಡೆ ಹಾಕಿದರು. ಪ್ಲಟೂನ್ ನಾಯಕ ಮೊದಲು ಮರಳಲ್ಲಿ ಹೀಗೇ ನೆಲದ ಮಾದರಿ ಮಾಡ್ತಾನಂತೆ. ಆಮೇಲೆ ಕ್ರಮವಾಗಿ ಐದು ಮಾತು: ಶತ್ರು ಎಲ್ಲಿ, ನಮ್ಮ ಗುರಿ ಏನು, ಯಾರು ಏನು ಮಾಡಬೇಕು, ಮದ್ದುಗುಂಡು-ನೀರು-ಗಾಯಾಳುಗಳ ವ್ಯವಸ್ಥೆ, ಸಂಪರ್ಕ ಹೇಗೆ. ಗುರಿಯನ್ನು ಎರಡು ಸಲ ಹೇಳಬೇಕು. ಕೊನೆಗೆ ಜವಾನರನ್ನೇ ಪ್ರಶ್ನೆ ಕೇಳಿ, ತಲೆಗೆ ಹೋಯ್ತೋ ಇಲ್ಲವೋ ನೋಡಬೇಕು.

ಲೊಂಗೇವಾಲಾದ ನಿಜವಾದ ಕಥೆಯಲ್ಲೂ ಲೆಕ್ಕಾಚಾರವೇ ದೊಡ್ಡದು. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಬಳಿ ಇದ್ದವರು ಸುಮಾರು 120 ಜನ. ಎದುರಿಗೆ ಟ್ಯಾಂಕುಗಳು. ಜೈಸಲ್ಮೇರಿನ ಹಂಟರ್ ವಿಮಾನಗಳು ಕತ್ತಲಲ್ಲಿ ಬಂದು ಹೊಡೆಯಲಾರವು. ಮರಳುಗಾಡಲ್ಲಿ ನಡೆದು ಹಿಂದೆ ಸರಿದರೆ ಟ್ಯಾಂಕಿಗೆ ಬಲಿ. ಹಾಗಾಗಿ ಗುರಿ ಒಂದೇ: ಬೆಳಗಾಗೋವರೆಗೂ ಠಾಣೆ ಬಿಡಬಾರದು. ಬಿಡಲಿಲ್ಲ.

“ಅದ್ಸರಿ, ಅದನ್ನೇ ಎರಡೆರಡು ಸಲ ಯಾಕೆ ಹೇಳೋದು?” ಅಂದೆ.

ಸುಬೇದಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮ ಸಾಹೇಬ್ರು ಅರ್ಧ ದಾರೀಲೇ ಬಿದ್ರು. ಮುಂದೆ ಯಾರು ನಡೆಸಬೇಕು ಅಂತ ಮೊದಲೇ ಹೇಳಿದ್ರು. ಗುರಿ ಎಲ್ಲರ ತಲೇಲೂ ಇತ್ತು. ನಾವು ನಿಲ್ಲಲಿಲ್ಲ. ಹೀರೋ ಬಿದ್ರೆ ನಿಮ್ಮ ಪಿಚ್ಚರ್ ಮುಗಿಯುತ್ತೆ ಸ್ವಾಮಿ, ನಮ್ಮದು ಮುಗಿಯಂಗಿಲ್ಲ.”

ಓದುಗ ಮಿತ್ರರೇ, ಆಮೇಲೆ ನನಗೆ ಶಿಳ್ಳೆ ಹೊಡೆಯೋಕೆ ಆಗಲಿಲ್ಲ.