ಆಯಿಯ ಮಶೀನು ಡಬ್ಬಿಯಲ್ಲೇ ಯಾಕಿತ್ತು?



ತಿಕೋಟಾದಲ್ಲಿ ನಡೆದ ಒಂದು ಕುಬಸದ ಸುದ್ದಿಯಿಂದ ಶುರು ಮಾಡುತ್ತೇನೆ. ವಿಜಯಪುರದಿಂದ ನಾನು ಮತ್ತು ಏಳನೇ ಇಯತ್ತೆ ಓದುವ ನನ್ನ ಮೊಮ್ಮಗಳು ಹೋಗಿದ್ದೆವು. ಬಬಲೇಶ್ವರದಿಂದ ನನ್ನ ಅಕ್ಕ ಬಂದಿದ್ದಳು. ಅಕ್ಕನಿಗೆ ಈಗ ಎಪ್ಪತ್ತಾರು ವರ್ಷ. ಮೊಮ್ಮಗಳು ಅವಳನ್ನು ಆಯಿ ಅನ್ನುತ್ತಾಳೆ, ನನ್ನನ್ನು ಮುತ್ಯಾ ಅನ್ನುತ್ತಾಳೆ.

ಪಡಸಾಲೆಯಲ್ಲಿ ಬಳೆಗಾರ ಕೂತು ಬಂದ ಹೆಂಗಸರಿಗೆಲ್ಲ ಬಳೆ ತೊಡಿಸುತ್ತಿದ್ದ. ಅಕ್ಕನ ಸರದಿ ಬಂತು.

"ಯಾವ ಬಣ್ಣ ಬೇಕ್ರಿ ಯವ್ವಾ?" ಎಂದು ಕೇಳಿದ.

"ಎಪ್ಪತ್ತಾರು" ಅಂದಳು ಅಕ್ಕ.

ಕೂತವರೆಲ್ಲ ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು. ಆದರೆ ಯಾಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ. ನಗುತ್ತಲೇ ಒಬ್ಬೊಬ್ಬರ ಮುಖ ನೋಡಿದಳು. ಬಳೆಗಾರ ಮಾತ್ರ ನಗಲಿಲ್ಲ. ಒಂದು ಕೈಯಲ್ಲಿ ಹಸಿರು ಬಳೆ, ಇನ್ನೊಂದರಲ್ಲಿ ಕೆಂಪು ಬಳೆ ಹಿಡಿದು ಅವಳ ಮುಂದೆ ತೋರಿಸಿದ. ಅಕ್ಕ ಹಸಿರನ್ನು ಮುಟ್ಟಿದಳು. ಅವನು ಅವಳ ಅಂಗೈ ಒತ್ತಿ, ಗಿಣ್ಣು ನೋಡಿ, ಅಳತೆ ಆರಿಸಿ, ಒಂದೂ ಒಡೆಯದಂತೆ, ಒಂಚೂರೂ ನೋಯದಂತೆ ಏರಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ವಿಜಯಪುರದ ಬಸ್ ನಿಲ್ದಾಣದಲ್ಲಿ ಬಬಲೇಶ್ವರದ ಬಸ್ ಹತ್ತುವ ಮುಂದೆ, "ಇನ್ನ ಮ್ಯಾಲೆ ನಾ ಯಾವ ಕಾರ್ಯಕ್ಕೂ ಬರೂದಿಲ್ಲಪಾ. ನೀವ ಹೋಗಿ ಬರ್ರಿ" ಅಂದಳು.

ಅಕ್ಕನಿಗೆ ಕಿವಿಯ ಮಶೀನು ಇಲ್ಲವೆಂದಲ್ಲ. ಅವಳ ಮಗ ಆ ವರ್ಷದ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದಾನೆ. ಆದರೆ ಅದು ಕಪಾಟಿನಲ್ಲಿ, ಡಬ್ಬಿಯೊಳಗೆ, ಅರಿವೆಯಲ್ಲಿ ಸುತ್ತಿಕೊಂಡು ಮಲಗಿದೆ. "ಯಾಕ ಹಾಕ್ಕೊಳ್ಳಲ್ಲವ್ವಾ?" ಎಂದು ಮಗ ಕೇಳಿದಾಗೆಲ್ಲ "ನಂಗ ಬ್ಯಾಡ" ಎಂಬ ಒಂದೇ ಉತ್ತರ. ಗೋಲಗುಂಬಜದ ಮೇಲಿನ ಸುತ್ತಿನಲ್ಲಿ ಈ ಕಡೆ ಪಿಸುಗುಟ್ಟಿದರೆ ಆ ಕಡೆ ಕೇಳುತ್ತದೆ ಎಂದು ನಾವು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ನಮ್ಮ ಮಗ್ಗುಲಲ್ಲೇ ಕೂತ ಹಿರಿಯರಿಗೆ ನಮ್ಮ ಮಾತು ಕೇಳುತ್ತಿಲ್ಲ ಎಂಬುದು ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ.

ಅದೇ ವಾರ ಮೊಮ್ಮಗಳು ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದುಕೊಂಡು ಬಂದಳು. "ಮುತ್ಯಾ, ಫೋನ್ ಮಾಡೋ ಕಂಪನಿಯವರು ಬಟ್ಟಿ ಮಾರೋ ಕಂಪನಿಯವರನ್ನ ಯಾಕ ಕೆಲಸಕ್ಕ ಇಟ್ಕೋತಾರ?"

ಅವಳು ಓದಿದ್ದು ನಿಜವೇ. ಅಮೆರಿಕದ ಆ್ಯಪಲ್ ಕಂಪನಿ 2013ರ ಜುಲೈನಲ್ಲಿ ಪಾಲ್ ಡೆನೆವ್ ಎಂಬವರನ್ನು ಕರೆದುಕೊಂಡಿತು. ಅವರು ಪ್ಯಾರಿಸ್ಸಿನ ಹೆಸರಾಂತ ಉಡುಪಿನ ಮನೆ ಈವ್ ಸಾಂ ಲೊರಾಂದ ಮುಖ್ಯಸ್ಥರಾಗಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಲಂಡನ್ನಿನ ಬರ್ಬೆರಿ ಎಂಬ ಉಡುಪಿನ ಕಂಪನಿಯ ಮುಖ್ಯಸ್ಥೆ ಏಂಜೆಲಾ ಅರೆಂಟ್ಸ್ ಅವರೂ ಆ್ಯಪಲ್‌ಗೆ ಬರುತ್ತಾರೆಂದು ಪ್ರಕಟವಾಯಿತು. ಅಂಗಡಿಗಳ ಹೊಣೆ ಅವರದಾಯಿತು. 2014ರ ಸೆಪ್ಟೆಂಬರಿನಲ್ಲಿ ಆ ಕಂಪನಿ ತನ್ನ ಕೈಗಡಿಯಾರವನ್ನು ತೋರಿಸಿತು. 2015ರ ಏಪ್ರಿಲ್‌ನಲ್ಲಿ ಅದು ಮಾರಾಟಕ್ಕೆ ಬಂತು.

ಸಾವಿರಾರು ಎಂಜಿನಿಯರುಗಳಿರುವ ಕಂಪನಿಗೆ ಉಡುಪಿನವರು ಯಾಕೆ ಬೇಕಾದರು? ಫೋನನ್ನು ನಾವು ಕಿಸೆಯಲ್ಲಿ ಇಡುತ್ತೇವೆ. ಅದು ಕಪ್ಪಗಿರಲಿ, ದಪ್ಪಗಿರಲಿ, ಹೆಚ್ಚು ಜನ ನೋಡುವುದಿಲ್ಲ. ಆದರೆ ಮೈಮೇಲೆ ಧರಿಸುವ ವಸ್ತು ಹಾಗಲ್ಲ. ಅದು ನಮ್ಮ ಚರ್ಮಕ್ಕೆ ತಾಗುತ್ತದೆ, ನಾಲ್ಕು ಜನರ ಕಣ್ಣಿಗೂ ಬೀಳುತ್ತದೆ. ಅದನ್ನು ಹಾಕಿಕೊಂಡಾಗ ನಾನು ಹೇಗೆ ಕಾಣುತ್ತೇನೆ ಎಂದು ಎಲ್ಲರೂ ಯೋಚಿಸುತ್ತಾರೆ. ಉಂಗುರ, ಬಳೆ, ಉಡಿದಾರ, ಕಾಲುಂಗುರ, ಬುಗುಡಿ ಇವೆಲ್ಲ ಸಾವಿರ ಸಲ ತಿದ್ದಿ ತಿದ್ದಿ ನಮ್ಮ ಮೈಗೆ ಒಗ್ಗಿದ ವಸ್ತುಗಳು. ಯಂತ್ರಕ್ಕೆ ಆ ಪಾಠ ಇನ್ನೂ ಹೊಸದು.

ಇದನ್ನು ತಡವಾಗಿ ಕಲಿತ ಉದಾಹರಣೆಯೂ ಇದೆ. ಗೂಗಲ್ ಕಂಪನಿ ಚಾಳೀಸಿನಂಥ ಒಂದು ಯಂತ್ರ ಮಾಡಿ, 2013ರಲ್ಲಿ ಕೆಲವರಿಗೆ 1500 ಡಾಲರಿಗೆ ಮಾರಿತು. ಅದರಲ್ಲಿ ಕ್ಯಾಮೆರಾ ಇತ್ತು. ಎದುರಿಗೆ ಕೂತವರಿಗೆ, ಇವರು ನಮ್ಮ ಫೋಟೊ ತೆಗೆಯುತ್ತಿದ್ದಾರೋ ಏನೋ ಎಂಬ ಕಸಿವಿಸಿ. ಹಾಕಿಕೊಂಡವರಿಗೂ ಮುಜುಗರ. 2014ರ ಮೇ ತಿಂಗಳಲ್ಲಿ ಆಭರಣ ವಿನ್ಯಾಸ ಬಲ್ಲ ಐವಿ ರಾಸ್ ಎಂಬವರಿಗೆ ಅದರ ಹೊಣೆ ಕೊಟ್ಟರು. ಆದರೆ ಯಂತ್ರ ಆಗಲೇ ಜನರ ಮನಸ್ಸಿನಿಂದ ಇಳಿದಿತ್ತು. 2015ರ ಜನವರಿಯಲ್ಲಿ ಆ ಮಾದರಿಯ ಮಾರಾಟ ನಿಂತಿತು.

ಹಾಗಂತ ಉಡುಪಿನವರು ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಅನ್ನುವಂತಿಲ್ಲ. ಆ್ಯಪಲ್ ತನ್ನ ಗಡಿಯಾರವನ್ನು ಚಿನ್ನದಲ್ಲೂ ಮಾಡಿತ್ತು. ಬೆಲೆ 10,000 ಡಾಲರಿನಿಂದ ಮೇಲೆ. ಮರುವರ್ಷ, 2016ರಲ್ಲಿ, ಅದನ್ನು ಕೈಬಿಟ್ಟರು. ಯಾಕಿರಬಹುದು? ನನ್ನ ಅವ್ವನ ಚಿನ್ನದ ಬಿಲ್ವಾರ ನನ್ನ ಮೊಮ್ಮಗಳಿಗೂ ಬರುತ್ತದೆ. ಆದರೆ ಎಲೆಕ್ಟ್ರಾನಿಕ್ ಯಂತ್ರ ನಾಲ್ಕಾರು ವರ್ಷಕ್ಕೇ ಹಳತಾಗುತ್ತದೆ. ಹಳತಾಗುವ ಯಂತ್ರಕ್ಕೆ ಹಳತಾಗದ ಚಿನ್ನ ಹೊದಿಸಿದರೆ ಕೊಂಡವರಿಗೆ ಏನು ಉಳಿಯಿತು? 2018ರಲ್ಲಿ ಬಂದ ಅದೇ ಕಂಪನಿಯ ಗಡಿಯಾರ, ಹಾಕಿಕೊಂಡವರು ದೊಪ್ಪನೆ ಬಿದ್ದರೆ ಅದನ್ನು ಗುರುತಿಸುವುದನ್ನು ಕಲಿತಿತ್ತು. ಒಂಟಿಯಾಗಿರುವ ಹಿರಿಯರಿಗೆ ಚಿನ್ನಕ್ಕಿಂತ ಇದು ಹೆಚ್ಚಿನದು. ಆದರೆ ಗಡಿಯಾರ ಕೈಮೇಲೆ ಇದ್ದರೆ ಮಾತ್ರ.

ಇದೆಲ್ಲ ದೂರ ದೇಶದ ಕತೆ ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನ ಎಚ್‌ಎಂಟಿ ಯಂತ್ರಗಳನ್ನು ಮಾಡುವ ಯಂತ್ರಗಳ ಕಾರ್ಖಾನೆ. ಅದು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ಅಜ್ಜಂದಿರೇ, ದಿನಾ ಬೆಳಿಗ್ಗೆ ಕೀಲಿ ತಿರುಗಿಸುತ್ತಿದ್ದ ಎಚ್‌ಎಂಟಿ ಜನತಾ ನೆನಪಿದೆಯೇ? ಮದುವೆಯಲ್ಲಿ ಅಳಿಯನಿಗೆ ಕೊಡಲು ಅದೇ ಬೇಕಿತ್ತು. ಕಣ್ಣು ಕಾಣದವರು ಮುಚ್ಚಳ ತೆರೆದು, ಮುಳ್ಳನ್ನು ಬೆರಳಿನಿಂದ ಮುಟ್ಟಿ ವೇಳೆ ತಿಳಿಯುವಂಥ ಬ್ರೈಲ್ ಗಡಿಯಾರವನ್ನೂ ಎಚ್‌ಎಂಟಿ ಮಾಡಿತು. ಧರಿಸುವವರು ಯಾರು ಎಂದು ಮೊದಲು ಕೇಳಿ ಮಾಡಿದ ವಸ್ತು ಅದು.

ಆಮೇಲೆ 1984ರಲ್ಲಿ ಟೈಟನ್ ಶುರುವಾಯಿತು. ಕಾರ್ಖಾನೆ ಗಡಿಯಾಚೆಯ ಹೊಸೂರಿನಲ್ಲಿ, ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಗಡಿಯಾರವೆಂದರೆ ವೇಳೆ ನೋಡುವ ಯಂತ್ರವಷ್ಟೇ ಅಲ್ಲ, ಅದೂ ಒಂದು ಒಡವೆ ಎಂದು ಟೈಟನ್ ಹೇಳಿತು. ಒಂದೊಂದು ಉಡುಗೆಗೆ, ಒಂದೊಂದು ಕೈಗೆ ಒಪ್ಪುವಂಥ ಬೇರೆ ಬೇರೆ ಮಾದರಿ ತಂದಿತು. ಮುಂದೆ ತನಿಷ್ಕ್ ಹೆಸರಿನಲ್ಲಿ ಒಡವೆಯನ್ನೇ ಮಾರತೊಡಗಿತು. ಎಚ್‌ಎಂಟಿಯ ಗಡಿಯಾರ ವಿಭಾಗ ಮುಚ್ಚುವುದಕ್ಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಟೈಟನ್ 2020ರಲ್ಲಿ ಹೈದರಾಬಾದಿನ ಹಗ್ ಇನ್ನೊವೇಶನ್ಸ್ ಎಂಬ ಚಿಕ್ಕ ತಂತ್ರಜ್ಞಾನ ಕಂಪನಿಯನ್ನು ಕೊಂಡಿತು. ನೋಡಿದಿರಾ? ಅಮೆರಿಕದಲ್ಲಿ ಯಂತ್ರದವರು ಉಡುಪಿನವರನ್ನು ಕರೆದರು. ನಮ್ಮಲ್ಲಿ ಒಡವೆಯವರು ಯಂತ್ರದವರನ್ನು ಕರೆದರು. ಎರಡೂ ದಾರಿ ಕೂಡುವುದು ಒಂದೇ ಊರಲ್ಲಿ.

"ಅಂದ್ರ ಬರೇ ಚಂದ ಕಾಣೂದಕ್ಕ?" ಎಂದಳು ಮೊಮ್ಮಗಳು.

ಅಲ್ಲ. ನಾಡಿ ಎಣಿಸುವ ಗಡಿಯಾರವನ್ನೇ ತೆಗೆದುಕೊಳ್ಳಿ. ಅದರ ಹಿಂಬದಿಯಲ್ಲಿ ಸಣ್ಣ ಹಸಿರು ದೀಪ ಮಿಣುಕುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನಲ್ಲಿ ರಕ್ತ ಹೆಚ್ಚು ಹರಿಯುತ್ತದೆ, ತಿರುಗಿ ಬರುವ ಬೆಳಕು ಕಡಿಮೆಯಾಗುತ್ತದೆ. ಮರುಗಳಿಗೆಯಲ್ಲಿ ರಕ್ತ ಕಡಿಮೆಯಾಗುತ್ತದೆ, ಬೆಳಕು ಹೆಚ್ಚಾಗುತ್ತದೆ. ಈ ಏರಿಳಿತವನ್ನು ಎಣಿಸಿಯೇ ಗಡಿಯಾರ ನಾಡಿ ಹೇಳುತ್ತದೆ. ಪಟ್ಟಿ ಸಡಿಲಾಗಿದ್ದರೆ ಹೊರಗಿನ ಬೆಳಕು ಒಳಗೆ ನುಗ್ಗಿ ಲೆಕ್ಕ ತಪ್ಪುತ್ತದೆ. ಬಹಳ ಬಿಗಿಯಾದರೆ ಕೈ ನೋಯುತ್ತದೆ, ಹಾಕಿಕೊಂಡವರು ಬಿಚ್ಚಿ ಇಡುತ್ತಾರೆ. ಹಾಗಾದರೆ ಪಟ್ಟಿಯ ಅಳತೆ ಅಂದದ ಮಾತೋ, ವಿಜ್ಞಾನದ ಮಾತೋ? ಎರಡೂ ಹೌದು. (ಇಂಥ ಗಡಿಯಾರ ಏನೇ ಹೇಳಲಿ, ಮೈಯಲ್ಲಿ ಹುಷಾರಿಲ್ಲ ಅನ್ನಿಸಿದರೆ ಡಾಕ್ಟರರ ಹತ್ತಿರ ಹೋಗುವುದನ್ನು ಮಾತ್ರ ಬಿಡಬೇಡಿ.)

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಮುತ್ಯಾ, ಹಂಗಾರ ತಿಕೋಟಾದ ಬಳಿಗಾರ ಕಾಕಾಗ ಇದು ಮೊದಲs ಗೊತ್ತಿತ್ತು."

ಆಮೇಲೆ, "ಆಯಿನ ಯಾರೂ ಸರಿಯಾಗಿ ಕೇಳೇ ಇಲ್ಲ" ಅಂದಳು.

ಆ ಭಾನುವಾರವೇ ನಾವು ಬಬಲೇಶ್ವರಕ್ಕೆ ಹೋದೆವು. ಮೊಮ್ಮಗಳು ಅಕ್ಕನ ಎದುರಿಗೆ, ಮುಖ ಕಾಣುವಂತೆ ಕೂತಳು. ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಲಿಲ್ಲ. "ಆಯಿ, ಅದನ್ನ ಹಾಕ್ಕೊಂಡಾಗ ಏನೇನಾಗತೈತಿ ಹೇಳು" ಎಂದು ನಿಧಾನವಾಗಿ ಕೇಳಿ, ನೋಟುಬುಕ್ಕು ತೆರೆದಳು. ಎರಡು ವರ್ಷದಿಂದ "ನಂಗ ಬ್ಯಾಡ" ಎಂದಷ್ಟೇ ಹೇಳಿದ್ದ ಅಕ್ಕ ಅರ್ಧ ತಾಸು ಮಾತಾಡಿದಳು.

ಮೊದಲನೆಯದು, ತಲೆ ಮೇಲೆ ಸೆರಗು ಹೊತ್ತರೆ ಮಶೀನು ಕುಂಯ್ ಎಂದು ಸೀಟಿ ಹೊಡೆಯುತ್ತದೆ. ಹಿರಿಯರ ಮುಂದೆ ಸೆರಗು ತೆಗೆಯುವುದು ಹೇಗೆ? ಎರಡನೆಯದು, ಕಿವಿಯ ಮೇಲ್ಗಡೆ ಬುಗುಡಿ ಇದೆ. ಮಶೀನು ಅದಕ್ಕೆ ಒತ್ತಿ ಸಂಜೆಯ ಹೊತ್ತಿಗೆ ಉರಿಯುತ್ತದೆ. ಬುಗುಡಿ ಅವಳ ಅವ್ವ ಕೊಟ್ಟಿದ್ದು, ತೆಗೆಯಲು ಮನಸ್ಸಿಲ್ಲ. ಮೂರನೆಯದು, ಸೆಲ್ ಹಾಕುವ ಬಾಗಿಲು ಜೋಳದ ಕಾಳಿನಷ್ಟು. ಬೆರಳಿಗೆ ಸಿಗುವುದಿಲ್ಲ. ದಿನಾ ಸೊಸೆಯನ್ನು ಕರೆಯಲು ಸಂಕೋಚ. ನಾಲ್ಕನೆಯದನ್ನು ಅವಳು ದನಿ ತಗ್ಗಿಸಿ ಹೇಳಿದಳು: "ಅದರ ಬಣ್ಣ ನೋಡವ್ವಾ, ಕಿವಿ ಹಿಂದ ಏನೋ ಹುಳ ಕುಂತಂಗ ಕಾಣತೈತಿ."

ನಾಲ್ಕೂ ಕಾರಣ ನ್ಯಾಯವಾದವೇ. ನಾವು ಅದನ್ನು ಮುದಿತನದ ಹಟ ಅಂದುಕೊಂಡಿದ್ದೆವು.

ನೋಟುಬುಕ್ಕು ಹಿಡಿದು ವಿಜಯಪುರದಲ್ಲಿ ಕಿವಿ ಪರೀಕ್ಷೆ ಮಾಡುವವರೊಬ್ಬರ ಬಳಿ ಹೋದೆವು. ಮೊದಲು ಮಶೀನು ಕೊಟ್ಟಿದ್ದ ಅಂಗಡಿಯಲ್ಲಿ ಯಂತ್ರ ಎಷ್ಟು ಗಟ್ಟಿಯಾಗಿ ಕೇಳಿಸಬೇಕು ಎಂದಷ್ಟೇ ನೋಡಿದ್ದರು. ಈ ತಾಯಿ ಓದಿ, "ಸೆರಗು ಹೆಂಗ ಹೊರತೀರಿ, ತೋರಸ್ರಿ ಯವ್ವಾ" ಅಂದರು. ಸೀಟಿಯ ಗುಟ್ಟನ್ನು ಮೊಮ್ಮಗಳಿಗೆ ಬಿಡಿಸಿ ಹೇಳಿದರು. ಸಿದ್ಧೇಶ್ವರ ಜಾತ್ರೆಯಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ತಂದರೆ ಕಿರುಗುಟ್ಟುತ್ತದಲ್ಲ, ಇದೂ ಅದೇ. ಕಿವಿಯೊಳಗಿನ ಅಚ್ಚು ಸಡಿಲಿದ್ದರೆ ದೊಡ್ಡದಾದ ಸದ್ದು ಹೊರಗೆ ಸೋರುತ್ತದೆ. ಸೆರಗು ಅದನ್ನು ತಡೆದು ಮತ್ತೆ ಮಶೀನಿನ ಮೈಕಿಗೇ ಕಳಿಸುತ್ತದೆ. ಅದಕ್ಕೆ ಹೊಸದಾಗಿ ಕಿವಿಯ ಅಳತೆ ತೆಗೆದು ಅಚ್ಚು ಮಾಡಿಸಿದರು. ಬುಗುಡಿಗೆ ತಾಗದಂತೆ ನಳಿಗೆಯ ಉದ್ದ ಸರಿಮಾಡಿದರು. ಸೆಲ್ ಹಾಕುವುದಕ್ಕೆ ತುದಿಯಲ್ಲಿ ಅಯಸ್ಕಾಂತ ಇರುವ ಒಂದು ಕಡ್ಡಿ ಕೊಟ್ಟು, ಅಕ್ಕನ ಕೈಯಿಂದಲೇ ಐದು ಸಲ ಹಾಕಿಸಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಓದಿ ಬಂದವರು ಈಗ ಅನೇಕ ಊರುಗಳಲ್ಲಿ ಇದ್ದಾರೆ. ಹಿರಿಯರೇ, ಮಶೀನು ಸರಿಹೊಂದದಿದ್ದರೆ ಡಬ್ಬಿಯಲ್ಲಿ ಇಡಬೇಡಿ. ಎರಡು ಸಲ, ಮೂರು ಸಲ ಹೋಗಿ ಸರಿಮಾಡಿಸಿಕೊಳ್ಳಿ. ಒಂದೇ ಸಲಕ್ಕೆ ಕುಬಸದ ಕುಪ್ಪಸವೂ ಸರಿಹೊಂದುವುದಿಲ್ಲ.

ಬಣ್ಣದ್ದೊಂದು ಉಳಿದಿತ್ತು. ಮೇಲ್ಗವಚ ಬೇರೆ ಬಣ್ಣದಲ್ಲೂ ಸಿಗುತ್ತದೆ ಎಂದು ಆಗ ಗೊತ್ತಾಯಿತು. ಅವರು ಬಣ್ಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು, ತಿಕೋಟಾದ ಬಳೆಗಾರ ಬಳೆ ತೋರಿಸಿದ ಹಾಗೆಯೇ. ಅಕ್ಕ ಬೆಳ್ಳಿಯ ಬಣ್ಣದ್ದನ್ನು ಮುಟ್ಟಿದಳು. "ಕೂದಲಿಗೆ ಒಪ್ಪತೈತಿ" ಅಂದಳು.

ಎಲ್ಲ ಸುಖಾಂತವಾಯಿತು ಅನ್ನಲಾರೆ. ಸಂತೆಯ ಗದ್ದಲದಲ್ಲಿ ಅಕ್ಕನಿಗೆ ಈಗಲೂ ತಲೆನೋವು ಬರುತ್ತದೆ, ಅಲ್ಲಿ ತೆಗೆದಿಡುತ್ತಾಳೆ. "ಎಲ್ಲಾರ ಮಾತೂ ಕೇಳಬೇಕಂತ ಏನೈತಿ?" ಎಂದು ನಗುತ್ತಾಳೆ. ಆದರೆ ಹೋದ ತಿಂಗಳು ತಿಕೋಟಾದ ಆ ಸೊಸೆಗೆ ಹೆಣ್ಣುಕೂಸು ಹುಟ್ಟಿ, ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಬರುವುದಿಲ್ಲ ಎಂದಿದ್ದ ಅಕ್ಕ ನಮಗಿಂತ ಮೊದಲೇ ಬಂದು ಕೂತಿದ್ದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದಾಗ ಎಲ್ಲರಿಗಿಂತ ಮುಂಚೆ, "ಛಲೋ ಹೆಸರಿಟ್ಟೀರಿ" ಅಂದವಳು ಅವಳೇ.

ಮಕ್ಕಳೇ, ಈ ವಾರದ ಕೆಲಸ ಇದು. ನಿಮ್ಮ ಮನೆಯಲ್ಲಿ ಅಜ್ಜನದೋ ಅಜ್ಜಿಯದೋ ಡಬ್ಬಿಯಲ್ಲೇ ಕೂತ ವಸ್ತು ಏನಿದೆ ಹುಡುಕಿ. ಚಾಳೀಸು, ಹಲ್ಲಿನ ಸೆಟ್ಟು, ಮೊಣಕಾಲಿನ ಪಟ್ಟಿ, ಊರುಗೋಲು, ನೀವೇ ಕೊಡಿಸಿದ ಗಡಿಯಾರ, ಏನಾದರೂ ಇರಬಹುದು. ಅವರ ಎದುರಿಗೆ ಕೂತು, ಅದನ್ನು ಹಾಕಿಕೊಂಡಾಗ ಏನಾಗುತ್ತದೆ ಎಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ನಡುವೆ ಬಾಯಿ ಹಾಕಬೇಡಿ, ನಗಬೇಡಿ. ಅಜ್ಜ-ಅಜ್ಜಿಯರೇ, ನೀವೂ "ಬ್ಯಾಡ" ಎಂದು ಮುಗಿಸಬೇಡಿ. ಯಾಕೆ ಬೇಡ ಎಂದು ಹೇಳಿ. ಬರೆದುಕೊಳ್ಳುವವರು ಎದುರಿಗೇ ಕೂತಿದ್ದಾರೆ.

ಬರುವ ವಾರ ಮತ್ತೆ ಸಿಗೋಣ.